ಕಲ್ಲು ನೋಡುವವನ ಮುಂಬಯಿ

ಹೊಸ ಊರಿಗೆ ಹೋದರೆ ಕೆಲವರು ಮೊದಲು ಅಲ್ಲಿಯ ತಿಂಡಿ ಹುಡುಕುತ್ತಾರೆ, ಕೆಲವರು ಸೀರೆ ಅಂಗಡಿ, ಕೆಲವರು ಗುಡಿ. ನಾನು ಕಲ್ಲು ಹುಡುಕುತ್ತೇನೆ. ಯಾವ ಕಲ್ಲಿನಲ್ಲಿ ಈ ಊರು ಕಟ್ಟಿದರು, ಎಲ್ಲಿಂದ ತಂದರು, ಉಳಿ ಎಲ್ಲಿ ಹಗುರಾಗಿ ಓಡಿದೆ, ಎಲ್ಲಿ ಕಲ್ಲು ಮೊಂಡು ಹಿಡಿದು ಕೆತ್ತುವವನನ್ನು ಸತಾಯಿಸಿದೆ. ಗುಳೇದಗುಡ್ಡದ ಕೆಂಪು ಗುಡ್ಡಗಳ ಬುಡದಲ್ಲಿ ಹುಟ್ಟಿ, ಡ್ರಾಯಿಂಗ್ ಮಾಸ್ತರನಾಗಿ, ವರ್ಷಾವರ್ಷ ಹುಡುಗರ ಹಿಂಡು ಕಟ್ಟಿಕೊಂಡು ಬಾದಾಮಿ, ಪಟ್ಟದಕಲ್ಲು, ಐಹೊಳೆ ಸುತ್ತಿದವನಿಗೆ ಬೇರೆ ಹುಚ್ಚು ಹಿಡಿಯುವುದಾದರೂ ಹೇಗೆ?

ಈ ಹುಚ್ಚಿಗೂ ಅದರದೇ ಶಿಸ್ತಿದೆ. ಕಿಸೆಯಲ್ಲಿ ಒಂದು ಸಣ್ಣ ದುರ್ಬೀನು, ಒಂದು ನೋಟ್‌ಬುಕ್ಕು, 4ಬಿ ಪೆನ್ಸಿಲ್ಲು. ನಡುಹಗಲಿನಲ್ಲಿ ಕೆತ್ತನೆ ನೋಡಬಾರದು. ಬಿಸಿಲು ನೆತ್ತಿಯ ಮೇಲಿದ್ದಾಗ ಉಬ್ಬುತಗ್ಗೆಲ್ಲ ಅಡಗಿಹೋಗುತ್ತದೆ. ಓರೆ ಬಿಸಿಲು ಬೇಕು. ನೋಡಲು ಶುರು ಮಾಡುವುದು ಮೇಲಿನಿಂದ, ಯಾಕೆಂದರೆ ಕೆಳಗಿನದನ್ನು ಎಲ್ಲರೂ ನೋಡಿರುತ್ತಾರೆ. ಎಲ್ಲಕ್ಕಿಂತ ಕಷ್ಟದ್ದು, ನಾಲ್ಕು ಮಂದಿ ಓಡಾಡುವ ದಾರಿಯಲ್ಲಿ ಕತ್ತು ಎತ್ತಿ ಸುಮ್ಮನೆ ನಿಲ್ಲುವ ಧೈರ್ಯ. ಮುಂಬಯಿಯಲ್ಲಿ ಆ ಧೈರ್ಯ ತುಸು ಹೆಚ್ಚೇ ಬೇಕು. ಇಲ್ಲಿ ನಿಂತವನು ಒಂದೋ ಟ್ಯಾಕ್ಸಿಗೆ ಕಾಯುತ್ತಿರಬೇಕು, ಇಲ್ಲವೇ ದಾರಿ ತಪ್ಪಿದವನಾಗಿರಬೇಕು.

ಮಗಳು ವಿಕ್ರೋಳಿಯಲ್ಲಿದ್ದಾಳೆ. ಸಾಫ್ಟ್‌ವೇರ್ ಕೆಲಸ. ಅವಳ ಎತ್ತರದ ಮನೆಯ ಪೂರ್ವದ ಕಿಟಕಿಯಲ್ಲಿ ನಿಂತರೆ ಹೆದ್ದಾರಿಯ ಆಚೆ ಥಾಣೆ ಖಾರಿಯವರೆಗೂ ಹಬ್ಬಿದ ಕಾಂಡ್ಲಾ ಕಾಡು ಕಾಣುತ್ತದೆ. ಇಷ್ಟು ತುಟ್ಟಿ ಜಾಗದ ಊರಿನಲ್ಲಿ ಇಷ್ಟು ಹಸಿರು ಉಳಿದದ್ದು ಹೇಗೆ ಎಂದು ಕೇಳಿದರೆ, ಬಹುಪಾಲು ಗೋದ್ರೇಜ್‌ನವರ ಜಾಗ ಎಂದಳು. 1940ರ ದಶಕದಲ್ಲಿ ಅವರು ಇಲ್ಲಿ ಜಮೀನು ಕೊಂಡು ಕಾರ್ಖಾನೆಗಳ ಒಂದು ಊರನ್ನೇ ಎಬ್ಬಿಸಿದರು. ದೇಶದ ಮೊದಲ ಸಾರ್ವತ್ರಿಕ ಚುನಾವಣೆಗೆ ಲಕ್ಷಗಟ್ಟಲೆ ಉಕ್ಕಿನ ಮತಪೆಟ್ಟಿಗೆಗಳು ತಯಾರಾದದ್ದು ಈ ವಿಕ್ರೋಳಿಯಲ್ಲೇ. ನಮ್ಮ ಗುಳೇದಗುಡ್ಡದ ಅಜ್ಜಂದಿರು ಮೊದಲ ಸಲ ಓಟು ಹಾಕಿದ ಡಬ್ಬಿಯೂ ಇಲ್ಲಿಂದಲೇ ಬಂದಿತ್ತೇನೋ. ಇರಲಿ, ಅದು ಉಕ್ಕಿನ ಮಾತು. ನನ್ನದು ಕಲ್ಲಿನ ಮಾತು.

ಊರು ತೋರಿಸಬೇಕೆಂದು ಮಗಳು ಮೊಬೈಲಿನಲ್ಲಿ ಪಟ್ಟಿ ಮಾಡಿಟ್ಟಿದ್ದಳು: ಸೀ ಲಿಂಕು, ಜುಹು, ಯಾವುದೋ ಮಾಲು, ಗೇಟ್‌ವೇ. ಗೇಟ್‌ವೇ ಒಂದನ್ನು ಉಳಿಸಿ ಮಿಕ್ಕದ್ದೆಲ್ಲ ಹೊಡೆದುಹಾಕಿಸಿದೆ.

“ಮತ್ತ ಏನ್ ನೋಡ್ತೀರಿ ಅಪ್ಪಾ?”

“ಪೋಸ್ಟ್ ಆಫೀಸು.”

ಅವಳು ನಕ್ಕಳು. ಅಂಚೆ ಕಚೇರಿ ನೋಡಲು ಮುಂಬಯಿಗೆ ಬಂದವನನ್ನು ಅವಳು ಕಂಡಿರಲಿಲ್ಲ.

ಭಾನುವಾರ ಹೊರಟೆವು. ಮುಂಬಯಿಯವರಿಗೆ ಭಾನುವಾರವೆಂದರೆ ಮೆಗಾ ಬ್ಲಾಕು. ರೈಲ್ವೆಯವರು ಹಳಿ ರಿಪೇರಿಗೆ ಕೂತರೆ ಸ್ಲೋ ಗಾಡಿಗಳನ್ನೂ ಫಾಸ್ಟ್ ಹಳಿಗೆ ತಿರುಗಿಸುತ್ತಾರೆ, ಆಗ ವಿಕ್ರೋಳಿಯಂಥ ನಿಲ್ದಾಣಗಳನ್ನು ಅವು ಹಾರಿಸಿಕೊಂಡು ಹೋಗುತ್ತವೆ. ಅದಕ್ಕೇ ಬೆಳಿಗ್ಗೆ ಬೇಗನೆ ಸ್ಲೋ ಲೋಕಲ್ ಹತ್ತಿದೆವು. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಏಪ್ರಿಲ್ 16, 1853ರಂದು ಬೋರಿ ಬಂದರಿನಿಂದ ಥಾಣೆಗೆ 34 ಕಿಲೋಮೀಟರು ಓಡಿದ ದೇಶದ ಮೊದಲ ಪ್ರಯಾಣಿಕರ ರೈಲು ಇದೇ ದಾರಿಯಲ್ಲಿ ಹೋದದ್ದು. ಘಾಟ್ಕೋಪರ್, ವಿದ್ಯಾವಿಹಾರ್ ದಾಟಿ ಕುರ್ಲಾ ಬಂದಾಗ ನಾನು ಎದ್ದು ನಿಂತೆ.

“ಇನ್ನೂ ಭಾಳ ದೂರ ಐತಿ, ಕುಂದರ್ರಿ.”

“ಗೊತ್ತೈತವ್ವಾ. ನಾವು ನೋಡಾಕ ಹೊಂಟಿದ್ದು ಈ ಊರಿನ ಕಲ್ಲು.”

ಅಂದು ನೋಡಬೇಕೆಂದುಕೊಂಡಿದ್ದ ಮ್ಯೂಜಿಯಮ್ಮಿನ ಕರಿಗಲ್ಲು ಕುರ್ಲಾದ್ದು, ಅದರ ಜೊತೆಗಿನ ಹಳದಿ ಬಣ್ಣದ್ದು ಮಲಾಡಿನದು. ಹಿಂದೆ ಇವೆಲ್ಲ ಊರಾಚೆಯ ಗುಡ್ಡಗಳು. ಈಗ ಕುರ್ಲಾದಲ್ಲಿ ಕಿಟಕಿಯಿಂದ ಕಂಡದ್ದು ತಗಡು, ತಾಡಪಾಲು, ಅದರ ಮೇಲೆ ಹೊಸ ಗೋಪುರಗಳು. ಗುಡ್ಡ ಕಾಣಲಿಲ್ಲ.

ಸಿಎಸ್‌ಎಂಟಿಯಲ್ಲಿ ಇಳಿದು ಹೊರಗೆ ಬಂದವನೇ ನಿಲ್ದಾಣಕ್ಕೆ ಬೆನ್ನು ತಿರುಗಿಸಿ ನಡೆದೆ. ಮಗಳಿಗೆ ಆಶ್ಚರ್ಯ. ಆದರೆ ಆ ಕಟ್ಟಡದ ಮುಖ ಪಶ್ಚಿಮಕ್ಕಿದೆ, ಬೆಳಿಗ್ಗೆ ಅದರ ಕೆತ್ತನೆಯೆಲ್ಲ ನೆರಳಿನಲ್ಲಿ ಮುಳುಗಿರುತ್ತದೆ. ಅದನ್ನು ಸಂಜೆಗೆ ಮೀಸಲಿಟ್ಟು ಪಕ್ಕದಲ್ಲೇ ಇರುವ ಜಿಪಿಒಗೆ ಕರೆದುಕೊಂಡು ಹೋದೆ.

ಜನ ಈ ಕಟ್ಟಡದ ಮುಂದೆ ಹಾದುಹೋಗುತ್ತಾರೆ, ತಲೆ ಎತ್ತುವುದಿಲ್ಲ. ಎತ್ತಿದರೆ ವಿಜಯಪುರ ಕಾಣುತ್ತದೆ. 1904ರಲ್ಲಿ ಶುರುವಾಗಿ 1913ರಲ್ಲಿ ಮುಗಿದ ಈ ಅಂಚೆ ಕಚೇರಿಗೆ ಜಾನ್ ಬೆಗ್ ಎಂಬ ವಾಸ್ತುಶಿಲ್ಪಿ ಮಾದರಿಯಾಗಿ ಇಟ್ಟುಕೊಂಡದ್ದು ನಮ್ಮ ಗೋಲಗುಮ್ಮಟವನ್ನು. ಅದಕ್ಕೂ ಮೊದಲಿನ ಮುಂಬಯಿಯ ದೊಡ್ಡ ಕಟ್ಟಡಗಳಿಗೆ ಯುರೋಪಿನ ಚರ್ಚುಗಳ ಚಾಳಿ: ಚೂಪು ಕಮಾನು, ಮೊನಚು ಶಿಖರ. ಹೊಸ ಶತಮಾನಕ್ಕೆ ಕೆಲವರಿಗೆ ಅದು ಸಾಕಾಯಿತು. ಈ ನೆಲದ ಕಟ್ಟಡಗಳತ್ತ ಕಣ್ಣು ಹೊರಳಿತು. ಆಗ ವಿಜಯಪುರ ಪರವೂರೇನಲ್ಲ. ನಮ್ಮ ಜಿಲ್ಲೆಗಳು 1956ರವರೆಗೂ ಮುಂಬಯಿಗೆ ಸೇರಿದ್ದವು, ಬಾಗಲಕೋಟೆಯ ಕಾಗದ ಪತ್ರದ ಕೊನೆಯ ಸಹಿ ಬೀಳುತ್ತಿದ್ದದ್ದು ಇಲ್ಲೇ. ರಾಜಧಾನಿಯವನು ತನ್ನ ಪ್ರಾಂತದ ಅತ್ಯುತ್ತಮ ಕಟ್ಟಡ ಯಾವುದೆಂದು ಹುಡುಕಿದರೆ ಕಣ್ಣು ಅಲ್ಲಿಗೆ ಹೋಗಿಯೇ ಹೋಗುತ್ತದೆ.

ನನಗೆ ಇನ್ನೂ ಹೆಚ್ಚು ರುಚಿಸುವುದು ಕಲ್ಲಿನ ನಂಟು. ಸುಮಾರು 6.6 ಕೋಟಿ ವರ್ಷದ ಹಿಂದೆ ಲಾವಾ ಉಕ್ಕಿ ಪದರಪದರವಾಗಿ ಹರಡಿ ಆರಿದ್ದೇ ದಖ್ಖನಿನ ಕರಿಗಲ್ಲು. ಅದರ ಒಂದು ತುದಿ ಈ ಮುಂಬಯಿಯ ಸಮುದ್ರದಲ್ಲಿ, ಇನ್ನೊಂದು ಕಡೆ ವಿಜಯಪುರದ ಕೆಳಗೆ. ಗೋಲಗುಮ್ಮಟ ಕಟ್ಟಿದ್ದೂ ಅದೇ ಕರಿಗಲ್ಲಿನಲ್ಲಿ. ತೆಂಕಣಕ್ಕೆ ಬಂದಂತೆ ಅದು ಮುಗಿದು ನಮ್ಮ ಬಾದಾಮಿಯ ಕೆಂಪು ಮರಳುಗಲ್ಲು ಶುರುವಾಗುತ್ತದೆ. ನಮ್ಮದರ ವಯಸ್ಸಿನ ಮುಂದೆ ಈ ಕರಿಗಲ್ಲು ಮೊನ್ನೆ ಹುಟ್ಟಿದ ಕೂಸು. ಹಾಗೆಂದು ಮಗಳಿಗೆ ಹೇಳಿದಾಗ ನನ್ನ ದನಿಯಲ್ಲಿ ಇದ್ದ ಗರ್ವ ಕಂಡು ಅವಳು, “ಅದನ್ನೇನ್ ನೀವ ಮಾಡಿದ್ರೇನು?” ಎಂದಳು.

ಭಾನುವಾರದ ಫೋರ್ಟು ಕಲ್ಲು ನೋಡುವವನಿಗೆ ದೇವರು ಕೊಟ್ಟ ವರ. ಆಫೀಸುಗಳ ಶಟರು ಇಳಿದಿರುತ್ತವೆ, ಒಳಗಿನ ಬೀದಿಗಳಲ್ಲಿ ಹುಡುಗರು ಟೆನಿಸ್ ಚೆಂಡಿನಲ್ಲಿ ಕ್ರಿಕೆಟ್ ಆಡುತ್ತಿರುತ್ತಾರೆ. ಬಾಗಿಲು ಹಾಕಿದ ಹೋಟೆಲೊಂದರ ಮುಂದೆ ನನಗೆ ಕರಾವಳಿಯ ಹುಡುಗರ ನೆನಪಾಯಿತು. ಹಗಲೆಲ್ಲ ಈ ಓಣಿಗಳಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯ ಬೆಂಚಿನಲ್ಲಿ ನಿದ್ದೆಗಣ್ಣಿನಿಂದ ಕೂತು ಮೆಟ್ರಿಕ್ ಪಾಸಾದವರು. ಅವರ ಕತೆ ಬರೆಯಲು ಬೇರೆಯವರು ಇದ್ದಾರೆ, ಬರೆದೂ ಇದ್ದಾರೆ.

ಹುತಾತ್ಮಾ ಚೌಕದ ಫ್ಲೋರಾ ಕಾರಂಜಿಯ ಮುಂದೆ ಮಾತ್ರ ಸಿಟ್ಟು ಬಂತು. 1864ರ ಈ ಕಾರಂಜಿಯ ಪ್ರತಿಮೆಗೆ ಇಂಗ್ಲೆಂಡಿನ ಪೋರ್ಟ್‌ಲ್ಯಾಂಡ್ ಕಲ್ಲು ಹಡಗಿನಲ್ಲಿ ಬಂದಿತ್ತು. ಕಲ್ಲಿನ ಗಣಿಯ ಮೇಲೆ ಕೂತ ಊರಿಗೆ ಕಲ್ಲು ಆಮದು! ಹೋಗಲಿ ಎಂದರೆ, ಆಮೇಲಿನವರು ಅದರ ಮೇಲೆ ವರ್ಷಗಟ್ಟಲೆ ಬಿಳಿ ಎಣ್ಣೆಬಣ್ಣ ಬಳಿದರು. ಈಚೆಗೆ ಅದನ್ನೆಲ್ಲ ಕೆರೆದು ತೆಗೆದು ಉಪಕಾರ ಮಾಡಿದ್ದಾರೆ. ಕಲ್ಲಿಗೆ ಬಣ್ಣ ಬಳಿಯುವವರ ಬಗ್ಗೆ ನನ್ನ ಅಭಿಪ್ರಾಯವನ್ನು ನಮ್ಮೂರ ಗುಡಿಯ ಪಂಚಕಮಿಟಿಯವರು ಚೆನ್ನಾಗಿ ಬಲ್ಲರು.

ಊಟ ಓವಲ್ ಮೈದಾನದ ಅಂಚಿನ ಮರದ ಕೆಳಗೆ. ಊರಿನಿಂದ ತಂದ ಕಟಕ ಸಜ್ಜಿರೊಟ್ಟಿ, ಶೇಂಗಾ ಹಿಂಡಿ, ಮಗಳು ಡಬ್ಬಿಯಲ್ಲಿ ಹಾಕಿಕೊಂಡಿದ್ದ ಮೊಸರು. ಒಂದು ಬದಿಗೆ 1878ರಲ್ಲಿ ಮುಗಿದ ಹೈಕೋರ್ಟು ಮತ್ತು ರಾಜಾಬಾಯಿ ಗೋಪುರ, ಇನ್ನೊಂದು ಬದಿಗೆ 1930ರ ದಶಕದ ಕಾಂಕ್ರೀಟ್ ಮನೆಗಳ ಸಾಲು. ಎರಡನ್ನೂ ಸೇರಿಸಿ ಯುನೆಸ್ಕೋ 2018ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಹಾಕಿತು. ಗೋಪುರಕ್ಕೆ ಹಣ ಕೊಟ್ಟ ಹತ್ತಿ ವ್ಯಾಪಾರಿ ಪ್ರೇಮಚಂದ್ ರಾಯಚಂದ್ ಅದಕ್ಕೆ ತಾಯಿಯ ಹೆಸರು ಇಡಿಸಿದ. ಅದನ್ನು ಕೇಳಿ ಮಗಳು, “ನಿಮ್ಮ ಹೆಸರಿಗೆ ನಾ ಒಂದು 4ಬಿ ಪೆನ್ಸಿಲ್ ಕೊಡಿಸ್ತೀನಿ” ಎಂದಳು. ಕಾಂಕ್ರೀಟ್ ಮನೆಗಳ ಕಡೆ ನಾನು ಹೆಚ್ಚು ನೋಡಲಿಲ್ಲ. ಚೆಂದ ಇರಬಹುದು, ಅಚ್ಚಿಗೆ ಸುರಿದದ್ದು, ಕೆತ್ತಿದ್ದಲ್ಲ.

ಮ್ಯೂಜಿಯಮ್ಮಿಗೆ ಈಗ ಛತ್ರಪತಿ ಶಿವಾಜಿ ಮಹಾರಾಜರ ಹೆಸರು. ಮೊದಲು ಪ್ರಿನ್ಸ್ ಆಫ್ ವೇಲ್ಸ್ ಮ್ಯೂಜಿಯಂ. ಕಟ್ಟಿದವನು ಜಾರ್ಜ್ ವಿಟೆಟ್, 1904ರಲ್ಲಿ ಬೆಗ್‌ನ ಸಹಾಯಕನಾಗಿ ಬಂದ ಸ್ಕಾಟ್‌ಲ್ಯಾಂಡಿನವನು. 1926ರಲ್ಲಿ ಇದೇ ಊರಿನಲ್ಲಿ ತೀರಿಕೊಂಡ. ಕಟ್ಟಡ 1914ಕ್ಕೇ ಸಿದ್ಧವಾದರೂ ಯುದ್ಧದ ಕಾಲದಲ್ಲಿ ಆಸ್ಪತ್ರೆಯಾಗಿ, ಜನರಿಗೆ ತೆರೆದದ್ದು 1922ರಲ್ಲಿ. ಹೊರಗಿನ ಗುಮ್ಮಟಕ್ಕೆ ಗೋಲ್ಕೊಂಡದ ಹೆಸರು ಹೇಳುವವರಿದ್ದಾರೆ. ಆದರೆ ನಡುವಿನ ಹಾಲ್‌ನಲ್ಲಿ ನಿಂತು ಮೇಲೆ ನೋಡಿ: ಆ ಕಮಾನುಗಳು ಗೋಲಗುಮ್ಮಟದವೇ.

ಇಲ್ಲಿ ನೋಟ್‌ಬುಕ್ಕು ತೆಗೆದೆ. ಚೌಕದ ಕೋಣೆಯ ಮೇಲೆ ದುಂಡನೆಯ ಗುಮ್ಮಟ ಕೂರಿಸುವುದು ಕಟ್ಟುವವರ ಹಳೆಯ ತಲೆನೋವು. ಗೋಡೆಗಳ ನಡುಭಾಗದಲ್ಲೇನೋ ಆಸರೆ ಸಿಗುತ್ತದೆ, ಮೂಲೆಗಳಲ್ಲಿ ಗುಮ್ಮಟ ಗಾಳಿಯಲ್ಲಿ ನಿಲ್ಲಬೇಕಾಗುತ್ತದೆ. ವಿಜಯಪುರದವರು 1656ರ ಹೊತ್ತಿಗೆ ಮಾಡಿ ತೋರಿಸಿದ್ದು ಇಷ್ಟು: ಒಂದು ಚೌಕ ಬರೆದು, ಅದರ ಮೇಲೆ ಇನ್ನೊಂದು ಚೌಕವನ್ನು ಓರೆಯಾಗಿ ತಿರುಗಿಸಿ ಬರೆಯಿರಿ. ಆ ಗೆರೆಗಳ ಗುಂಟ ಎಂಟು ಕಮಾನು ಎಬ್ಬಿಸಿದರೆ ಅವು ಒಂದನ್ನೊಂದು ಹಾಯ್ದು ನಡುವೆ ಎಂಟು ಮೂಲೆಯ ಕಿಂಡಿ ಬಿಡುತ್ತವೆ. ಎಂಟು ಮೂಲೆಯನ್ನು ದುಂಡು ಮಾಡುವುದು ಸುಲಭ. ಸೊಗಸು ಇರುವುದು ಇನ್ನೊಂದು ಕಡೆ. ಗುಮ್ಮಟದ ಭಾರ ಗೋಡೆಗಳನ್ನು ಹೊರಕ್ಕೆ ನೂಕುತ್ತದೆ. ಕೋಣೆಯ ಒಳಕ್ಕೆ ಚಾಚಿಕೊಂಡ ಈ ಕಮಾನುಗಳ ತೂಕ ಅದನ್ನು ಒಳಕ್ಕೆ ಎಳೆದು ಹಿಡಿಯುತ್ತದೆ. 38 ಮೀಟರು ಅಗಲದ ಜಾಗವನ್ನು ನಡುವೆ ಒಂದೂ ಕಂಬವಿಲ್ಲದೆ ಮುಚ್ಚಿದ್ದು ಹೀಗೆ.

ಮಗಳು ನನ್ನ ಗೆರೆಗಳನ್ನು ನೋಡಿದಳು, ಮೇಲೆ ನೋಡಿದಳು, ಮತ್ತೆ ಗೆರೆ ನೋಡಿದಳು. “ಅಪ್ಪಾ, ಇದು ಲೋಡ್ ಬ್ಯಾಲೆನ್ಸಿಂಗ್. ನಾ ದಿನಾ ಸರ್ವರಿನ್ಯಾಗ ಮಾಡೋದು ಇದನ್ನ!” ಆಮೇಲೆ ಪೆನ್ಸಿಲ್ಲು ಕಿತ್ತುಕೊಂಡು ನನ್ನ ಚಿತ್ರದಲ್ಲಿ ಬಾಣದ ಗುರುತು ಹಾಕತೊಡಗಿದಳು. ಶಾಲೆಯಲ್ಲಿದ್ದಾಗ ನನ್ನ ಡ್ರಾಯಿಂಗ್ ಪೀರಿಯಡ್ಡಿನಲ್ಲೇ ಗಣಿತದ ಲೆಕ್ಕ ಮಾಡುತ್ತಿದ್ದ ಹುಡುಗಿ.

ಶಿಲ್ಪಗಳ ಗ್ಯಾಲರಿಯಲ್ಲಿ ನಾನು ನೋಡಬೇಕಾದದ್ದು ಮೂರು ಹಲಗೆ. ಬ್ರಹ್ಮ, ಶಿವಪಾರ್ವತಿ, ಅನಂತಶಯನ ವಿಷ್ಣು. ಐಹೊಳೆಯ ಹುಚ್ಚಪ್ಪಯ್ಯನ ಗುಡಿಯ ಚಾವಣಿಯಿಂದ ಬಂದವು, ಏಳನೆಯ ಶತಮಾನದ ಚಾಲುಕ್ಯರ ಕೆಲಸ. ಆ ಗುಡಿಗೆ ನಾನು ಹೋಗಿಲ್ಲದ ವರ್ಷವಿಲ್ಲ. ಅದರ ಮಾಳಿಗೆಯ ದೇವರು ಮಾತ್ರ ಇಲ್ಲಿ, ಕರಿಗಲ್ಲಿನ ಕಟ್ಟಡದೊಳಗೆ ನಮ್ಮ ಮರಳುಗಲ್ಲಿನ ಮೈ.

ಇವನ್ನು ಗೋಡೆಯ ಚಿತ್ರಗಳ ಹಾಗೆ ನೆಟ್ಟಗೆ ನಿಲ್ಲಿಸಿದ್ದಾರೆ. ಕತ್ತು ನೋಯುವುದಿಲ್ಲ, ಉಗುರು, ಬೆರಳು, ಸರದ ಮಣಿ ಎಲ್ಲ ಕಣ್ಣೆದುರಿಗೇ. ಅನುಕೂಲ ಹೌದು, ಆದರೆ ಕೆತ್ತಿದವನು ಇದನ್ನು ಎದುರಿಗೆ ನಿಂತು ನೋಡಲೆಂದು ಕೆತ್ತಲಿಲ್ಲ. ಕೆಳಗೆ ನಿಂತ ಭಕ್ತನ ನೆತ್ತಿಯ ಮೇಲೆ, ಬಾಗಿಲಿನಿಂದ ನುಸುಳಿ ನೆಲಕ್ಕೆ ಬಡಿದು ಮೇಲೇರಿದ ಬೆಳಕಿನಲ್ಲಿ ಕಾಣಲೆಂದು ಕೆತ್ತಿದ. ಅದಕ್ಕೆ ನಾನು ಹಲಗೆಯ ಬುಡದಲ್ಲಿ ನೆಲಕ್ಕೆ ಕೂತು, ಹಿಂದಕ್ಕೆ ವಾಲಿ, ಕೆಳಗಿನಿಂದ ನೋಡಿದೆ. ವಿಷ್ಣುವಿನ ಮಲಗಿದ ಮೈಗೆ ಕೂಡಲೇ ತೂಕ ಬಂತು. ಮಗಳು ಎರಡು ಹೆಜ್ಜೆ ದೂರ ಸರಿದು, ಬೇರೆ ಯಾರದೋ ಮಗಳ ಹಾಗೆ ನಿಂತಳು.

ಕಾವಲಿನವನು ಓಡಿ ಬಂದ. “ಕಾಕಾ, ಬರಂ ವಾಟತ ನಾಹೀ ಕಾ?”

ಮೈಗೆ ಏನೂ ಆಗಿಲ್ಲ ಎಂದು ಮಗಳು ಮರಾಠಿಯಲ್ಲಿ ವಿವರಿಸಿದಳು. ಇದು ಮಾಡಿನ ಕಲ್ಲು, ಇವರು ಆ ಊರಿನ ಕಡೆಯವರು ಎಂದೂ ಸೇರಿಸಿದಳು. ಅವನು ನನ್ನನ್ನು, ಕಲ್ಲನ್ನು ಒಂದೊಂದು ಸಲ ನೋಡಿ, ಮುಟ್ಟಬೇಡಿ ಎಂದಷ್ಟೇ ಹೇಳಿ ತನ್ನ ಕುರ್ಚಿಗೆ ಮರಳಿದ. ಸರಿಯಾಗಿಯೇ ಹೇಳಿದ. ಐಹೊಳೆಯಲ್ಲಿ ನನ್ನ ಹುಡುಗರು ಮುಟ್ಟದೆ ಬಿಟ್ಟ ಕಂಬವಿರಲಿಲ್ಲ.

ಗೇಟ್‌ವೇಗೆ ಹತ್ತು ನಿಮಿಷ. ಅದೂ ವಿಟೆಟ್‌ನದೇ, 1924ರದು. ಮಗಳಿಗೆ ಸೆಲ್ಫಿ ಬೇಕಿತ್ತು, ಪಾರಿವಾಳಗಳಿಗೆ ಕಾಳು ಬೇಕಿತ್ತು, ನನಗೆ ಸಿಎಸ್‌ಎಂಟಿಯ ಮೇಲಿನ ಬಿಸಿಲು ಬೇಕಿತ್ತು.

ಬಸ್ಸಿನಲ್ಲಿ ಮರಳಿ ನಿಲ್ದಾಣದ ಎದುರು ಇಳಿದಾಗ ಬೆಳಕು ನಾನು ಎಣಿಸಿದ್ದ ಕಡೆಯಿಂದಲೇ ಬೀಳುತ್ತಿತ್ತು. ಸ್ಟೀವನ್ಸ್ ಎಂಬಾತ ಹತ್ತು ವರ್ಷ ಹಿಡಿದು 1888ರಲ್ಲಿ ಮುಗಿಸಿದ ಕಟ್ಟಡ. ಗೇಟಿನ ಕಂಬಗಳ ಮೇಲೆ ಒಂದು ಸಿಂಹ, ಒಂದು ಹುಲಿ: ಇಂಗ್ಲೆಂಡು ಮತ್ತು ಹಿಂದುಸ್ತಾನ. ಅದು ಸರ್ಕಾರದ ಮಾತು. ನನಗೆ ಬೇಕಾದದ್ದು ಗೋಡೆಯ ನವಿಲು, ಮಂಗ, ಅಳಿಲು, ಎಲೆಬಳ್ಳಿಗಳು. ಇವನ್ನು ಕೆತ್ತಿದವರಲ್ಲಿ ಹತ್ತಿರದ ಜೆ.ಜೆ. ಕಲಾಶಾಲೆಯ ವಿದ್ಯಾರ್ಥಿಗಳಿದ್ದರು, ಮುಂದೆ ನಮ್ಮ ಕೆ.ಕೆ. ಹೆಬ್ಬಾರರು ಕಲಿತ ಶಾಲೆ. ಹೆಸರಿಲ್ಲದ ಯಾವನೋ ಹುಡುಗ ಪರೀಕ್ಷೆಯ ಚಿಂತೆಯಿಲ್ಲದೆ ನವಿಲಿನ ಗರಿಯ ಒಂದೊಂದು ಎಳೆಯನ್ನೂ ಬಿಡಿಸಿದ್ದಾನೆ. ಯಾವ ಮೂಲೆಯಲ್ಲಿ ಸಾಹೇಬರ ನಕ್ಷೆಯ ಪ್ರಕಾರ ಕೆತ್ತಿದ, ಯಾವ ಮೂಲೆಯಲ್ಲಿ ತನ್ನ ಮನಸ್ಸಿಗೆ ಬಂದ ಹಾಗೆ ಕೆತ್ತಿದ ಎಂಬುದು ದುರ್ಬೀನಿನಲ್ಲಿ ಚೆನ್ನಾಗಿ ತಿಳಿಯುತ್ತದೆ. ದುರ್ಬೀನು ಬಹಳ ಹೊತ್ತು ಮಗಳ ಕೈಯಲ್ಲೇ ಇತ್ತು. “ಅಲ್ಲಿ ನೋಡ್ರಿ, ಮಂಗ್ಯಾ!” ಎಂದು ಅವಳು ಕೂಗಿದ್ದಕ್ಕೆ ದಾರಿಹೋಕರು ನಾಲ್ಕು ಮಂದಿ ಕತ್ತು ಎತ್ತಿದರು.

ರಾತ್ರಿ ವಿಕ್ರೋಳಿಯಿಂದ ಊರಿಗೆ ಫೋನು ಮಾಡಿದೆ. ಮುಂಬೈ ಹೆಂಗೈತಿ, ಏನೇನು ನೋಡಿದ್ರಿ ಎಂದು ಮನೆಯಾಕೆ ಕೇಳಿದಳು. ಗೋಲಗುಮ್ಮಟ ನೋಡಿದೆ, ಐಹೊಳಿ ನೋಡಿದೆ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

“ಐಹೊಳಿ ನೋಡಾಕ ಮುಂಬೈಗೆ ಹೋಗಬೇಕಿತ್ತೇನ್ರಿ? ಇಲ್ಲಿಂದ ಬಸ್ಸೈತಿ. ನನಗಂತೂ ಟಿಕೀಟೂ ಇಲ್ಲ.”