ನಾಲ್ಕರಿಂದ ಭಾಗಿಸಿದಾಗ

ಶಾಲೆಯಲ್ಲಿದ್ದಾಗ ವಿನಾಯಿತಿ ಎಂಬ ಪದ ನನಗೆ ಗೊತ್ತಿದ್ದದ್ದು ಶುಲ್ಕದ ಜೊತೆಗೆ ಮಾತ್ರ. ಪೀಣ್ಯದ ಕಾರ್ಖಾನೆಯೊಂದಕ್ಕೆ ಕೆಲಸಕ್ಕೆ ಸೇರಿದ ಮೇಲೆ ಉಕ್ಕಿಗೂ ವಿನಾಯಿತಿ ಸಿಗುತ್ತದೆಂದು ತಿಳಿಯಿತು.

ನಾವು ಮಾಡುತ್ತಿದ್ದದ್ದು ಹೀಟ್ ಎಕ್ಸ್‌ಚೇಂಜರ್. ಉಕ್ಕಿನ ಉರುಳೆಯೊಳಗೆ ನೂರಾರು ಕೊಳವೆ. ಒಳಗೊಂದು ದ್ರವ, ಹೊರಗೊಂದು, ನಡುವೆ ಶಾಖ ಮಾತ್ರ ಕೈಬದಲಾಗುತ್ತದೆ. ಕಾರ್ಬನ್ ಉಕ್ಕು ತೀರಾ ತಣ್ಣಗಾದರೆ ಬಾಗುವುದನ್ನು ಮರೆತು ಗಾಜಿನಂತೆ ಒಡೆಯುತ್ತದೆ. ಅದನ್ನು ಪರೀಕ್ಷಿಸಲು ಚಾರ್ಪಿ ಟೆಸ್ಟ್ ಇದೆ: 10 ಮಿ.ಮೀ. ಚೌಕದ, 55 ಮಿ.ಮೀ. ಉದ್ದದ ತುಂಡಿಗೆ ಗೀರು ಹಾಕಿ, ತಣ್ಣಗೆ ಮಾಡಿ, ಲೋಲಕದಂತೆ ಬೀಸಿ ಬರುವ ಸುತ್ತಿಗೆಯಿಂದ ಹೊಡೆಯುವುದು. ಒಳ್ಳೆಯ ತುಂಡು ಮಂಕಾಗಿ, ನಾರುನಾರಾಗಿ ಹರಿಯುತ್ತದೆ. ಕೆಟ್ಟದ್ದು ಸಕ್ಕರೆ ಹರಳಿನಂತೆ ಹೊಳೆಯುತ್ತದೆ. ಆ ಹೊಳಪು ಕಂಡರೆ ಈಗಲೂ ನನಗೆ ಕಸಿವಿಸಿ.

ಪರೀಕ್ಷೆಗೆ ದುಡ್ಡು ಬೇಕು, ದಿನ ಬೇಕು. ಹಾಗಾಗಿ ಎಎಸ್‌ಎಂಇ ಕೋಡಿನ ಯುಸಿಎಸ್-66 ಎಂಬ ಭಾಗ ಎಲ್ಲರಿಗೂ ಅಚ್ಚುಮೆಚ್ಚು. ಅಲ್ಲಿ ಎ, ಬಿ, ಸಿ, ಡಿ ಎಂಬ ನಾಲ್ಕು ಗೆರೆಗಳಿವೆ. ಉಕ್ಕಿನ ಜಾತಿ, ದಪ್ಪ ನೋಡಿ, ಇಷ್ಟು ಚಳಿಯವರೆಗೆ ಟೆಸ್ಟ್ ಬೇಡ ಎಂದು ಓದಿಕೊಳ್ಳಬಹುದು. ಟ್ಯೂಬ್‌ಶೀಟಿನಂಥ ಚಪ್ಪಟೆ ಭಾಗಗಳಿಗೆ ಇನ್ನೂ ಉದಾರ: ದಪ್ಪವನ್ನು ನಾಲ್ಕರಿಂದ ಭಾಗಿಸಬಹುದು.

ಮೂರನೇ ವರ್ಷದಲ್ಲಿ ಪ್ರೊಪೇನ್ ಎಕ್ಸ್‌ಚೇಂಜರ್ ಒಂದು ನನ್ನ ಪಾಲಿಗೆ ಬಂತು. ಟ್ಯೂಬ್‌ಶೀಟ್ 100 ಮಿ.ಮೀ., ಭಾಗಿಸಿದರೆ 25. ಬಿ ಗೆರೆಯ ಮೇಲೆ ಸುಮಾರು ಮೈನಸ್ 1 ಡಿಗ್ರಿ. ಗ್ರಾಹಕರ ಹಾಳೆಯಲ್ಲಿದ್ದ ಕನಿಷ್ಠ ಉಷ್ಣತೆ ಸೊನ್ನೆ. ‘ಇಂಪ್ಯಾಕ್ಟ್ ಟೆಸ್ಟ್: ವಿನಾಯಿತಿ’ ಎಂದು ಬರೆದು ಸಂಭ್ರಮಪಟ್ಟೆ.

ನಿವೃತ್ತಿಯ ಅಂಚಿನಲ್ಲಿದ್ದ ಇನ್‌ಸ್ಪೆಕ್ಟರ್ ಕನ್ನಡಕ ಏರಿಸಿ ಕೇಳಿದರು: “ಒತ್ತಡ ಸೋರಿಹೋದರೆ ಪ್ರೊಪೇನ್ ಎಷ್ಟಕ್ಕೆ ಕುದಿಯುತ್ತಪ್ಪಾ?”

ಮೈನಸ್ 42.

“ಆಗ ಒತ್ತಡವೇ ಇರಲ್ಲವಲ್ಲ ಸಾರ್, ಅದಕ್ಕೂ ಕೋಡಿನಲ್ಲಿ ರಿಯಾಯಿತಿ ಇದೆ” ಎಂದೆ. ನಿಜವೇ. ಉಕ್ಕಿನ ಮೇಲೆ ಎಳೆತ ಕಮ್ಮಿಯಿದ್ದರೆ ಇನ್ನೂ ಆಳದ ಚಳಿಗೂ ಒಪ್ಪಿಗೆಯುಂಟು. “ಸರಿ,” ಎಂದರು, “ಆದರೆ ಅದು ಬೆಚ್ಚಗಾಗೋ ಮುಂಚೆಯೇ ಯಾವನೋ ಹುಡುಗ ವಾಲ್ವ್ ತಿರುಗಿಸಿ ಒತ್ತಡ ಏರಿಸಿದರೆ?”

ಆ ರಾತ್ರಿ ಲಾಂಗ್‌ಫರ್ಡ್ ಬಗ್ಗೆ ಓದಿದೆ. 1998ರ ಸೆಪ್ಟೆಂಬರ್ 25, ಆಸ್ಟ್ರೇಲಿಯಾದ ವಿಕ್ಟೋರಿಯಾ. ಬಿಸಿ ಎಣ್ಣೆಯ ಹರಿವು ನಿಂತು, ಸುಮಾರು 100 ಡಿಗ್ರಿಯಲ್ಲಿರಬೇಕಾದ ಎಕ್ಸ್‌ಚೇಂಜರ್ ಮೈನಸ್ 48ಕ್ಕೆ ಇಳಿದಿತ್ತು; ಮೈಮೇಲೆ ಹಿಮ ಕಟ್ಟಿತ್ತು. ಮತ್ತೆ ಬಿಸಿ ಎಣ್ಣೆ ಬಿಟ್ಟರು. ಉಕ್ಕು ಒಡೆಯಿತು. ಇಬ್ಬರು ಸತ್ತರು, ಎಂಟು ಮಂದಿಗೆ ಗಾಯ; ಮೆಲ್ಬರ್ನಿನ ಮನೆಗಳು ಹಲವು ದಿನ ಗ್ಯಾಸಿಲ್ಲದೆ ತಣ್ಣೀರಿಗೆ ಬಿದ್ದವು. ಕಂಪನಿ ಕೆಲಸಗಾರರತ್ತ ಬೊಟ್ಟು ಮಾಡಿತು. ರಾಯಲ್ ಕಮಿಷನ್ ಅವರಿಗೆ ಕೊಡದೇ ಹೋದ ತರಬೇತಿಯತ್ತ.

ಗ್ರಾಹಕರಿಗೆ ಪತ್ರ ಬರೆದೆ. ಒಂದೇ ಸಾಲಿನ ಉತ್ತರ: ಹಾಳೆಯಲ್ಲಿರುವಂತೆ ಮುಂದುವರಿಸಿ. ಕೋಡಿನ ಪ್ರಕಾರ ತಪ್ಪಿರಲಿಲ್ಲ. ಸಹಿ ಹಾಕಿದೆ. ಇನ್‌ಸ್ಪೆಕ್ಟರೂ ಹಾಕಿದರು, ನನ್ನ ಮುಖ ನೋಡದೆ.

ಕೈಪಿಡಿಯಲ್ಲಿ ಮಾತ್ರ ಯಾರನ್ನೂ ಕೇಳದೆ ಒಂದು ಸಾಲು ಸೇರಿಸಿದ್ದೆ: ಪೂರ್ತಿ ಬೆಚ್ಚಗಾಗುವ ತನಕ ಒತ್ತಡ ಏರಿಸಬೇಡಿ. ದಪ್ಪಕ್ಷರದಲ್ಲಿ ಹಾಕಬೇಕಿತ್ತು, ಹಾಕಲಿಲ್ಲ. ಎಕ್ಸ್‌ಚೇಂಜರ್ ಲಾರಿ ಏರಿ ಹೋಗಿ ಹನ್ನೊಂದು ವರ್ಷವಾಯಿತು. ಯಾವ ಸುದ್ದಿಯೂ ಬಂದಿಲ್ಲ.