ಮೂರು ಸಾಲಿಗೆ ನಾಲ್ಕು ಚೌಕ

ಹಾಯ್ಕು ಎಂದೊಡನೆ ಕೊಳ, ಕಪ್ಪೆ, ಚೆರ್ರಿ ಹೂವು ನೆನೆಯುವವರಿಗೆ ಕರಾಯ್ ಸೆನ್‌ರ್ಯೂ ಅಷ್ಟಾಗಿ ಗೊತ್ತಿರುವುದಿಲ್ಲ. ಹದಿನೆಂಟನೇ ಶತಮಾನದ ಎಡೊದಲ್ಲಿ, ಅಂದರೆ ಇಂದಿನ ಟೋಕಿಯೊದಲ್ಲಿ, ಈತ ಪದ್ಯ ಪೂರೈಸುವ ಸ್ಪರ್ಧೆಗಳ ತೀರ್ಪುಗಾರ. ಆರಿಸಿದ ಪದ್ಯಗಳ ಮೊದಲ ಸಂಕಲನ ಬಂದದ್ದು 1765ರಲ್ಲಿ. ಅಳತೆ ಹಾಯ್ಕುವಿನದೇ, ಸಾಲಿಗೆ ಐದು-ಏಳು-ಐದು ಅಕ್ಷರ, ಆದರೆ ಋತುವಿನ ಕಟ್ಟಳೆಯಿಲ್ಲ. ಸಮುರಾಯಿಯ ಜಂಬ, ಅಧಿಕಾರಿಯ ಲಂಚ, ಅತ್ತೆ-ಸೊಸೆ ಜಗಳ ಎಲ್ಲಕ್ಕೂ ಜಾಗ. ಕಾಮಿಕ್ ಪಟ್ಟಿ ನೋಡಿ ತಮಾಷೆಯ ಹಾಯ್ಕು ಹೊಸೆಯುವವರ ಮನೆದೇವರು ಹಾಯ್ಕು ಗುರು ಬಾಶೋ ಅಲ್ಲ, ಈತನೇ.

ಈ ಲೇಖಕಿಗೆ ಆ ಚಟ ಹತ್ತಿಸಿದ್ದು ಅವೆನ್ಯೂ ರಸ್ತೆಯಲ್ಲಿ ಸಿಕ್ಕ, ಹಾಳೆ ಹಳದಿಗಟ್ಟಿದ ‘ಪೀನಟ್ಸ್’ ಕಾಮಿಕ್ ಪಟ್ಟಿಗಳ ಸಂಪುಟ. 1950ರಲ್ಲಿ ಚಾರ್ಲ್ಸ್ ಶುಲ್ಟ್ಸ್ ಅದನ್ನು ಶುರುಮಾಡಿದಾಗ ದಿನಕ್ಕೆ ನಾಲ್ಕು ಸಮನಾದ ಚೌಕ ಎಂದು ಗೊತ್ತುಮಾಡಲಾಗಿತ್ತು. ಪತ್ರಿಕೆಯವರು ಜಾಗ ಸಿಕ್ಕಂತೆ ಅಡ್ಡಡ್ಡ, ಉದ್ದುದ್ದ, ಇಲ್ಲವೇ ಎರಡರ ಕೆಳಗೆ ಎರಡಾಗಿ ಅಚ್ಚು ಹಾಕಲೆಂದು. ಆ ಇಕ್ಕಟ್ಟಿನಲ್ಲೇ ಶುಲ್ಟ್ಸ್ 1988ರವರೆಗೂ ಸಂಸಾರ ಮಾಡಿದರು. ಮೇಲಾಗಿ ದಿನಪತ್ರಿಕೆಯ ಪಟ್ಟಿ ಕ್ಯಾಲೆಂಡರಿನ ಜೊತೆಗೇ ನಡೆಯುತ್ತದೆ. ವಸಂತಕ್ಕೆ ಬೇಸ್‌ಬಾಲ್, ಅಕ್ಟೋಬರ್ ಕೊನೆಗೆ ಕುಂಬಳದ ಹೊಲದಲ್ಲಿ ಪಟ್ಟಿಯ ಹುಡುಗ ಲೈನಸ್‌ನ ಜಾಗರಣೆ, ಶರತ್ಕಾಲಕ್ಕೆ ಅವನಕ್ಕ ಲೂಸಿಯ ಚೆಂಡು. ಹಾಯ್ಕು ಬೇಡುವ ಋತು ಪುಕ್ಕಟೆ!

ಲೂಸಿ ಚೆಂಡು ಹಿಡಿಯುತ್ತಾಳೆ, ಚಾರ್ಲಿ ಬ್ರೌನ್ ಓಡಿಬಂದು ಕಾಲೆತ್ತುತ್ತಾನೆ, ಚೆಂಡು ಮಾಯ, ಹುಡುಗ ಅಂಗಾತ. 1952ರಿಂದ 1999ರವರೆಗೂ ನಡೆದ ಆಟವಿದು. ಲೇಖಕಿ ಬಸ್ಸಿನಲ್ಲಿ ಕೂತು ಬರೆದದ್ದು:

ಈ ಸಲ ಚೆಂಡು
ಸರಿಯೋದಿಲ್ಲವಂತೆ—
ಓಹೋ, ಆಕಾಶ!

(ಬೆರಳು ಮಡಚಿ ಅಕ್ಷರ ಎಣಿಸುತ್ತಿದ್ದಾಗ ಕಂಡಕ್ಟರು ‘ಐದು ಟಿಕೆಟ್ಟಾ ಮೇಡಂ?’ ಎಂದದ್ದು ಬೇರೆ ಮಾತು.)

ಬಿದ್ದ ಎಂದು ಇಲ್ಲಿ ಹೇಳಿಲ್ಲ. ಚೌಕ ಚೌಕಗಳ ನಡುವಿನ ಖಾಲಿಯಲ್ಲಿ ಓದುಗನೇ ಬೀಳಬೇಕು. ಶುಲ್ಟ್ಸ್‌ಗೂ ಈ ಗುಟ್ಟು ಗೊತ್ತಿತ್ತು: ಕೊನೆಯ ಸಲದ ಪಟ್ಟಿಯಲ್ಲಿ ಲೂಸಿಗೆ ಊಟದ ಕರೆ ಬಂದು, ಚೆಂಡು ತಮ್ಮ ರೀರನ್ ಕೈಗೆ ಹೋಗುತ್ತದೆ. ಎಳೆದೆಯಾ, ಒದೆಯಲು ಬಿಟ್ಟೆಯಾ ಎಂದು ಅಕ್ಕ ಕೇಳಿದರೆ ಪುಣ್ಯಾತ್ಮ ಗುಟ್ಟು ಬಿಟ್ಟುಕೊಡುವುದಿಲ್ಲ.

ಇನ್ನೊಂದು ಪಟ್ಟಿಯ ಗಾರ್ಫೀಲ್ಡ್ ಬೆಕ್ಕು ಅಷ್ಟು ಒಗ್ಗಲಿಲ್ಲ. ಸೋಮವಾರವೆಂದರೆ ಅದಕ್ಕಾಗದು, ಪದ್ಯವೂ ಅಷ್ಟನ್ನೇ ಹೇಳಿತು:

ಸೋಮವಾರವೇ,
ಬಾಗಿಲು ತಟ್ಟಬೇಡ,
ಬೆಕ್ಕಿಗೆ ನಿದ್ದೆ.

ಲೆಕ್ಕ ಸರಿಯಿದೆ, ಕಿಡಿಯಿಲ್ಲ. ಪಟ್ಟಿಯ ನಗೆಯನ್ನೇ ಎತ್ತಿಟ್ಟರೆ ಪದ್ಯ ಜೋಕಿನ ವರದಿಯಾಗುತ್ತದೆ.

ನಾಲ್ಕು ಚೌಕ ಬೇಕೇಬೇಕೆಂದೇನೂ ಇಲ್ಲ. ‘ಕೊರವಂಜಿ’ ಹಾಸ್ಯಪತ್ರಿಕೆಗೂ ಚಿತ್ರ ಬರೆದ ಮೈಸೂರಿನ ಆರ್.ಕೆ. ಲಕ್ಷ್ಮಣ್‌ಗೆ ಒಂದೇ ಚೌಕ ಸಾಕಾಗಿತ್ತು, ಅವರ ಶ್ರೀಸಾಮಾನ್ಯನಿಗೆ ಮಾತೇ ಬೇಕಿರಲಿಲ್ಲ:

ಮಂತ್ರಿ ಭಾಷಣ;
ಚೌಕುಳಿ ಕೋಟಿನಾತ
ಬರೀ ನೋಡಿದ.

ನಾಳೆಯ ಪತ್ರಿಕೆ ರದ್ದಿಗೆ ಸೇರುವ ಮುನ್ನ ವ್ಯಂಗ್ಯಚಿತ್ರವನ್ನೊಮ್ಮೆ ನೋಡಿ, ಬೆರಳು ಮಡಚಿ. ಕಂಡಕ್ಟರು ಕೇಳಿದರೆ ಒಂದೇ ಟಿಕೆಟ್ ಅನ್ನಿ.