ಕುಂಡಕ್ಕೆಷ್ಟು ಮಣ್ಣು?

ಅಂಗಳ ಇದ್ದವರು ಮಣ್ಣನ್ನು ಅಳೆಯುವುದಿಲ್ಲ. ಹಳೇ ಹುಬ್ಬಳ್ಳಿಯ ಮನೆ ಬಿಟ್ಟು ಎರಡನೇ ಮಹಡಿಯ ಬಾಡಿಗೆ ಮನೆಗೆ ಬಂದ ಮೇಲೆ ನಮಗೂ ಆ ಲೆಕ್ಕ ಬೇಕಾಯಿತು. ಮದರಂಗಿ, ಪುದೀನಾ, ಮಲ್ಲಿಗೆ ಇಲ್ಲದೆ ಅಮ್ಮಿ ಇರಲಾರರು. ಮನೆಯ ಮಾಲೀಕರು ಹತ್ತು ಕುಂಡಗಳಿಗೆ ಒಪ್ಪಿದರು. ಆದರೆ ತಾರಸಿ ಹಳೆಯದು, ಎಲ್ಲ ಸೇರಿ ಎರಡು ಕ್ವಿಂಟಲ್ ಮೀರಬಾರದು ಎಂದರು.

ಪ್ಲಾಸ್ಟಿಕ್ ಕುಂಡದ ಬಾಯಿ 30 ಸೆಂಟಿಮೀಟರ್, ತಳ 20, ಎತ್ತರ 28. ಬಾಯಿಯ ಅಳತೆಯನ್ನಷ್ಟೇ ಹಿಡಿದರೆ ಸುಮಾರು 20 ಲೀಟರ್ ಬರುತ್ತದೆ. ಕುಂಡ ಕೆಳಗೆ ಕಿರಿದಾಗುವುದರಿಂದ ಅದು ಸುಳ್ಳು ಲೆಕ್ಕ. ಬಾಯಿ, ತಳಗಳ ಸರಾಸರಿ 25, ಅದರ ಅರ್ಧ 12.5. ಉರ್ದು ಶಾಲೆಯಲ್ಲಿ ಇದನ್ನು ‘ನಿಸ್ಫ್ ಕುತ್ರ್’ ಎಂದು ಕಲಿತೆವು, ಕನ್ನಡ ಶಾಲೆಗೆ ಬಂದಾಗ ‘ತ್ರಿಜ್ಯ’ ಆಯಿತು. ಗುಣಾಕಾರ ಮಾತ್ರ ಎರಡರಲ್ಲೂ ಒಂದೇ. 3.14ನ್ನು 12.5ರಿಂದ ಎರಡು ಸಲ, ಎತ್ತರದಿಂದ ಒಂದು ಸಲ ಗುಣಿಸಿ 1000ದಿಂದ ಭಾಗಿಸಿದರೆ 13.7 ಲೀಟರ್. ಅಮ್ಮಿ ನಮ್ಮ ಕಾಗದವನ್ನು ನೋಡಲೂ ಇಲ್ಲ. ತಳದ ತೂತಿಗೆ ಬಟ್ಟೆ ತುರುಕಿ, ಲೀಟರ್ ಮಗ್ಗಿನಲ್ಲಿ ನೀರು ತುಂಬುತ್ತ ಎಣಿಸಿ, “ಚೌದಾ” ಎಂದರು. ನೀರು ನಿಲ್ಲಲು ಮೇಲೆ ಎರಡು ಬೆರಳಗಲ ಬಿಟ್ಟರೆ ಬೇಕಾದದ್ದು 12 ಲೀಟರ್.

ಮಣ್ಣು ಮಾರುವವ “ಎಷ್ಟ್ ಚೀಲ ಬೇಕ್ರೀ ಸಾಹೇಬ್ರ?” ಎನ್ನುತ್ತಾನೆ. ಚೀಲದ ಲೆಕ್ಕ ಕಿಲೋದಲ್ಲಿ, ಕುಂಡದ್ದು ಲೀಟರಿನಲ್ಲಿ; ತೊಡಕು ಇಲ್ಲಿಯೇ. ಒದ್ದೆ ಮಣ್ಣು ಲೀಟರಿಗೆ ಒಂದೂವರೆ ಕಿಲೋಗಿಂತ ಹೆಚ್ಚೇ ತೂಗುತ್ತದೆ. ನವಲಗುಂದ, ಅಣ್ಣಿಗೇರಿ ಕಡೆಯ ಎರೆಮಣ್ಣು ಹತ್ತಿ, ಜೋಳಕ್ಕೆ ಬಂಗಾರ. ಕುಂಡದಲ್ಲಿ ಮಾತ್ರ ಅದು ನೀರುಂಡು ಉಬ್ಬುತ್ತದೆ, ಒಣಗಿದರೆ ಅಂಚು ಬಿಟ್ಟು ಬಿರಿಯುತ್ತದೆ. ಹಾಕಿದ ನೀರು ಬೇರಿಗೆ ತಾಗದೆ ಆ ಬಿರುಕಿನಲ್ಲಿಳಿದು ತಾರಸಿ ಸೇರುತ್ತದೆ. ಕಲಘಟಗಿ ಕಡೆಯ ಕೆಂಪು ಮಸಾರಿಯೇ ವಾಸಿ.

ಅದೂ ಅರ್ಧ ಕುಂಡದಷ್ಟು ಸಾಕು. ಆರು ಲೀಟರ್ ಮಸಾರಿ, ಮೂರು ಲೀಟರ್ ಚೆನ್ನಾಗಿ ಕಳಿತ ಸಗಣಿ ಗೊಬ್ಬರ, ಮೂರು ಲೀಟರ್ ನೆನೆಸಿದ ತೆಂಗಿನ ನಾರಿನ ಪುಡಿ. ನೀರು ಬಿದ್ದ ಮೇಲೆ ಇದು ಕುಸಿಯುತ್ತದೆ, ಆದ್ದರಿಂದ ಕುಂಡಕ್ಕೊಂದು ಲೀಟರ್ ಎತ್ತಿಟ್ಟುಕೊಳ್ಳಬೇಕು. ಬರೀ ಮಣ್ಣಾದರೆ ಒದ್ದೆಯಾದಾಗ ಕುಂಡ 20 ಕಿಲೋ, ಈ ಮಿಶ್ರಣದಲ್ಲಿ 15ರ ಆಸುಪಾಸು.

ಎಲ್ಲ ಗಿಡಕ್ಕೂ ಒಂದೇ ಕುಂಡ ಕೊಡುವುದು ನಮಗೆ ಸರಿಕಾಣಲಿಲ್ಲ. ಪುದೀನಾದ ಬೇರು ಮೇಲುಮೇಲೆಯೇ ಹರಡುತ್ತದೆ, ಆರು ಲೀಟರಿನ ತಗ್ಗು ಟಬ್ಬು ಸಾಕು. ಅಂಥವು ಮೂರು. ಮಲ್ಲಿಗೆ ಮತ್ತಿತರ ಆರು ಗಿಡಗಳಿಗೆ ಅವೇ ಕುಂಡ. ಹೀಗೆ ಉಳಿದ ಭಾರ ಮದರಂಗಿಯ ಪಾಲಿಗೆ ಹೋಯಿತು: 40 ಲೀಟರಿನ ಡ್ರಮ್ಮು, ನೀರುಂಡಾಗ 50 ಕಿಲೋ. ಎಲ್ಲ ಕೂಡಿದರೆ 165. ಡ್ರಮ್ಮನ್ನು ತಾರಸಿಯ ನಡುವೆ ಬಿಡದೆ, ಕೆಳಗೆ ಗೋಡೆ ಇರುವ ನೇರಕ್ಕೆ ಇಟ್ಟಿಗೆಯ ಮೇಲೆ ಕೂರಿಸಿದ್ದೇವೆ.